ವೋಲ್ಟೇಜ್ ಕಮ್ಮಿ ಇದ್ದಾಗ ಮೋಟರ್ ಹಾಕಬೇಡಿ

ಸಕಲೇಶಪುರದ ಕಡೆ ತೋಟದ ಮನೆ ಇರುವವರಿಗೆ ಒಂದು ಮಾತು. ವೋಲ್ಟೇಜ್ ಇಳಿದರೆ ಮೋಟರ್ ನಿಧಾನ ಓಡುತ್ತದೆ ಅಷ್ಟೆ ಅಂದುಕೊಂಡಿದ್ದೆ. ವೈಂಡಿಂಗ್ (ಮೋಟರಿನೊಳಗೆ ಸುತ್ತಿದ ತಂತಿ) ಸುಟ್ಟ ವಾಸನೆ ಬಂದಾಗ ಬುದ್ಧಿ ಬಂತು.

ಗುಡ್ಡದ ಮೇಲಿನ ಟ್ಯಾಂಕ್ ನೆನೆಸಿಕೊಳ್ಳಿ. ಅದರ ಎತ್ತರವೇ ವೋಲ್ಟೇಜ್. ನೀರು ವಿದ್ಯುತ್ ಚಾರ್ಜ್ ಇದ್ದ ಹಾಗೆ, ಅದನ್ನು ಅಳೆಯೋದು ಕೂಲಂಬಿನಲ್ಲಿ. ಪೈಪಿನಲ್ಲಿ ಸೆಕೆಂಡಿಗೆ ಎಷ್ಟು ಹರಿಯಿತು ಅನ್ನೋದು ಕರೆಂಟ್. 1 ಆಂಪಿಯರ್ ಅಂದ್ರೆ ಸೆಕೆಂಡಿಗೆ 1 ಕೂಲಂಬ್ ಚಾರ್ಜ್. ಹಳೇ ಬುರುಡೆ ಬಲ್ಬಿಗೆ ವೋಲ್ಟೇಜ್ ಇಳಿದರೆ ಕರೆಂಟೂ ಇಳಿದು ಮಂಕಾಗುತ್ತದೆ. ಮೋಟರ್ ಹಾಗಲ್ಲ. ಬಾವಿಯಿಂದ ನೀರೆತ್ತುವ ಭಾರ ಅಷ್ಟೇ ಇರುತ್ತದೆ ಅಲ್ವಾ? 230 ವೋಲ್ಟ್ ಇರಬೇಕಾದ್ದು 170ಕ್ಕೆ ಇಳಿದರೆ ಅಷ್ಟೇ ಕೆಲಸ ಮಾಡಲು ಜಾಸ್ತಿ ಆಂಪಿಯರ್ ಎಳೆದು ಬಿಸಿಯಾಗುತ್ತದೆ. ಸ್ಟಾರ್ಟರ್ ಬಾಕ್ಸಿನಲ್ಲಿ ಎರಡು ಮುಳ್ಳಿರುತ್ತವೆ. ನಾವು ವೋಲ್ಟ್ ಮಾತ್ರ ನೋಡುತ್ತೇವೆ, ಆಂಪಿಯರ್ ಮುಳ್ಳನ್ನೂ ನೋಡಿ. ಮೋಟರಿನ ಪ್ಲೇಟಿನಲ್ಲಿ ಬರೆದದ್ದಕ್ಕಿಂತ ಮೇಲೆ ನಿಂತರೆ ತಕ್ಷಣ ಆಫ್ ಮಾಡಿ.