ಕಡಿಮೆ ಖರ್ಚಿನಲ್ಲಿ ಜೇಬಿಗೊಂದು ಚಾಕು ಆರಿಸುವುದು ಹೇಗೆ?

ಜೇಬಿನ ಚಾಕು ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಅಲಗಿನ ಉದ್ದ. ಕೊನೆಗೆ ಮನೆಗೆ ಬರುವುದು ಬೇಟೆಗೆ ಹೊರಟವನ ಆಯುಧ. ಅದಕ್ಕೆ ಸಿಗುವ ಕೆಲಸವೋ, ಡಬ್ಬಿಯ ಟೇಪು ಸೀಳುವುದು, ಹಗ್ಗ ಕತ್ತರಿಸುವುದು, ಸೇಬು ಹೆಚ್ಚುವುದು.

1. ಅಳತೆ ಮತ್ತು ಕಾನೂನು. ಮಡಚುವ ಚಾಕುವಿಗೆ 6ರಿಂದ 8 ಸೆಂಟಿಮೀಟರ್ ಅಲಗು ಧಾರಾಳ. ಕೆಲವೆಡೆ ಅಲಗಿನ ಉದ್ದಕ್ಕೆ, ಕೆಲವೆಡೆ ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿದಿಡುವ ಲಾಕ್‌ಗೂ ನಿರ್ಬಂಧವಿದೆ. ನಿಮ್ಮಲ್ಲಿನ ನಿಯಮ ತಿಳಿದುಕೊಂಡೇ ಕೊಳ್ಳಿ. ವಿಮಾನ ಹತ್ತುವ ದಿನ ಅದನ್ನು ಕೈಚೀಲದಲ್ಲಿ ಇಡಬೇಡಿ.

2. ಉಕ್ಕು. ಅಲಗಿನ ಮೇಲೆ ಉಕ್ಕಿನ ಪೂರ್ಣ ಹೆಸರು ಇರಲಿ. 8ಸಿಆರ್13ಎಂಒವಿ ಎಂಬ ಉಕ್ಕು ಅಗ್ಗದ್ದು, ಮಸೆಯುವುದು ಸುಲಭ. 12ಸಿ27 ಮತ್ತು 14ಸಿ28ಎನ್ ತುಕ್ಕನ್ನು ಚೆನ್ನಾಗಿ ತಡೆಯುತ್ತವೆ. ಡಿ2 ಹರಿತವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೆ ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಮಸೆಯುವಾಗ ಸತಾಯಿಸುತ್ತದೆ. ಬರೀ ‘ಸ್ಟೇನ್‌ಲೆಸ್’, ‘ಸರ್ಜಿಕಲ್ ಸ್ಟೀಲ್’ ಎಂದಷ್ಟೇ ಬರೆದಿದ್ದರೆ ತಯಾರಕನಿಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲವೆಂದೇ ತಿಳಿಯಿರಿ. ಅಗ್ಗದ ಅಲಗಿನ ಮೇಲಿನ ‘ಡಮಾಸ್ಕಸ್’ ಎಂಬ ಅಲೆಯಲೆಯ ವಿನ್ಯಾಸಗಳು ಬಹುಪಾಲು ಬರೀ ಮೇಲ್ಮೈ ಚಿತ್ತಾರ.

3. ಲಾಕ್ ಪರೀಕ್ಷೆ. ಜನ ಎಡವುವುದು ಇಲ್ಲೇ. ಲೈನರ್ ಲಾಕ್ ಇರುವ ಚಾಕುವನ್ನು ಪೂರ್ತಿ ತೆರೆದಾಗ ಹಿಡಿಯೊಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅದು ಎಷ್ಟು ದೂರ ಸರಿದಿದೆ ಎಂದು ಬೆಳಕಿಗೆ ಹಿಡಿದು ನೋಡಿ. ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಆವರಿಸಿದ್ದರೆ ಸರಿ. ಅಂಚಿಗೆ ಮಾತ್ರ ತಾಗಿದ್ದರೆ ಜಾರಬಹುದು. ಹೊಸತರಲ್ಲೇ ಆಚೆ ಬದಿ ಮುಟ್ಟಿದ್ದರೆ ಸವೆತಕ್ಕೆ ಜಾಗವೇ ಉಳಿದಿಲ್ಲ.

ಈಗ ಅಲಗನ್ನು ಬೆನ್ನಿನ, ಅಂದರೆ ಹರಿತವಿಲ್ಲದ ಬದಿಯ, ಕಡೆಯಿಂದ ಹಿಡಿದು ಅಲುಗಾಡಿಸಿ. ಎಡಬಲಕ್ಕೆ ಆಡಿದರೆ ಕೀಲಿನ ಸ್ಕ್ರೂ ಬಿಗಿದು ಸರಿಪಡಿಸಬಹುದು. ಮೇಲೆ ಕೆಳಗೆ ಆಡಿದರೆ ಅದು ಲಾಕ್‌ನ ದೋಷ, ಅಲ್ಲೇ ಕೆಳಗಿಡಿ. ಆಮೇಲೆ ಅಲಗು ಮಡಚುವ ದಾರಿಯಿಂದ ಬೆರಳುಗಳನ್ನೆಲ್ಲ ಹೊರಗಿಟ್ಟು, ಹಿಡಿಯನ್ನು ಎರಡೂ ಪಕ್ಕದಿಂದ ಹಿಡಿದು, ಅಲಗಿನ ಬೆನ್ನನ್ನು ಮರದ ಹಲಗೆಯ ಮೇಲೆ ನಿಧಾನವಾಗಿ ಒತ್ತಿ. ಲಾಕ್ ಕದಲಬಾರದು. ಮೇಜಿಗೆ ಪಟಪಟನೆ ಬಡಿದು ಪರೀಕ್ಷಿಸುವ ಶೂರರಿದ್ದಾರೆ. ಬಡಿತಕ್ಕೆ ಒಳ್ಳೆಯ ಲಾಕ್ ಕೂಡ ಕೆಡುತ್ತದೆ.

ಕೊನೆಗೆ ಮಡಚಿ, ತೆರೆಯುವ ಬದಿ ಕೆಳಗಾಗುವಂತೆ ಹಿಡಿದು ಕೊಡವಿ. ಅಲಗು ಇಣುಕಿದರೆ ಜೇಬಿನಲ್ಲೂ ಇಣುಕುತ್ತದೆ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಅವಕಾಶ ಇರುವಲ್ಲೇ ತರಿಸಿ, ಬಂದ ದಿನವೇ ಇಷ್ಟನ್ನೂ ಮಾಡಿ.

4. ದಪ್ಪ. ಬೆನ್ನಿನ ದಪ್ಪ 3 ಮಿಲಿಮೀಟರ್ ಮೀರುವುದು ಬೇಡ. ದಪ್ಪ ಅಲಗು ಸೇಬನ್ನು ಕತ್ತರಿಸುವುದಿಲ್ಲ, ಬೆಣೆಯಂತೆ ಸೀಳುತ್ತದೆ. ಅರ್ಧ ಗರಗಸದ ಹಲ್ಲಿರುವ ಅಲಗನ್ನೂ ಬಿಡಿ. ಆ ಹಲ್ಲುಗಳನ್ನು ಮನೆಯ ಚಪ್ಪಟೆ ಕಲ್ಲಿನಲ್ಲಿ ಮಸೆಯಲಾಗದು.

ಯಾವುದು ಕೊಳ್ಳಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಫ್ರಾನ್ಸಿನ ಒಪಿನೆಲ್ ಕಂಪನಿಯ 7ನೇ ನಂಬರಿನ ಚಾಕು, ಸ್ಟೇನ್‌ಲೆಸ್ ಅಲಗಿನದು. ತೆಳು ಅಲಗು, ಬೆರಳಿನಿಂದ ತಿರುಗಿಸುವ ಉಂಗುರದ ಲಾಕ್. 1955ರಲ್ಲಿ ಸೇರಿಸಿದ ಆ ಉಂಗುರ ತುಸು ಸುಧಾರಿಸಿ ಇಂದಿಗೂ ಉಳಿದಿದೆ. ಒದ್ದೆಯಾದರೆ ಮರದ ಹಿಡಿ ಉಬ್ಬಿ ಅಲಗು ಬಿಗಿಯಾಗುತ್ತದೆ, ಒಣಗಿಸಿದರೆ ಸರಿಹೋಗುತ್ತದೆ. ಕತ್ತರಿ, ಸ್ಕ್ರೂಡ್ರೈವರ್ ಎಲ್ಲ ಬೇಕೆನ್ನುವವರಿಗೆ ವಿಕ್ಟೋರಿನಾಕ್ಸ್‌ನ ಚಿಕ್ಕ ಚಾಕುಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇಲ್ಲ, ಹಾಗಾಗಿ ಮೊನೆಯಿಂದ ಚುಚ್ಚುವ ಕೆಲಸಕ್ಕೆ ಬಳಸಬೇಡಿ.

5. ಕಲ್ಲು. ಚಾಕುವಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಮಸೆಗಲ್ಲಿಗೆ ಉಳಿಸಿ. ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್ ಇದ್ದರೆ ಸಾಕು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು). ಅಲಗನ್ನು ಸೀಳಿಕೆಯಲ್ಲಿ ಎಳೆಯುವ ಅಗ್ಗದ ಸಾಧನಗಳು ಮೂರು ಎಳೆತಕ್ಕೆ ಹರಿತ ಕೊಟ್ಟಂತೆ ತೋರುತ್ತವೆ, ಆದರೆ ಲೋಹವನ್ನು ಹೆರೆದು ಅಂಚನ್ನು ಒರಟಾಗಿಸುತ್ತವೆ. ಮಸೆಯುವ ಮೊದಲು ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ, ಒಂದೊಂದು ಬದಿಯನ್ನೂ ಸುಮಾರು 20 ಡಿಗ್ರಿ ಕೋನದಲ್ಲಿ ಉಜ್ಜಿ. ಬಣ್ಣ ಅಂಚಿನ ಹರಿತದ ಗೆರೆಯಲ್ಲಿ ಉಳಿದರೆ ಬೆನ್ನನ್ನು ತುಸು ಎತ್ತಬೇಕು, ಅದರ ಮೇಲ್ಗಡೆ, ಬೆನ್ನಿನ ಕಡೆಗೆ ಉಳಿದರೆ ತುಸು ಇಳಿಸಬೇಕು.