ಪೊಲೀಸ್ ಕೆಲಸದ ‘ಸೈಕ್’ ಪರೀಕ್ಷೆ: ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕಿದವರಿಗೆ

ಸೈಕ್ ಅಂದರೆ ಪೊಲೀಸ್ ಕೆಲಸಕ್ಕೆ ಮನಸ್ಸು ಹೊಂದುತ್ತದೆಯೇ ಎಂದು ಮನಶ್ಶಾಸ್ತ್ರಜ್ಞರು ನೋಡುವ ಪರೀಕ್ಷೆ. ಅದಕ್ಕೆ ಓದುವುದಕ್ಕೆ ಏನೂ ಇಲ್ಲ. ಇದನ್ನು ಹೇಳಿದರೆ ನಮ್ಮವರು ಯಾರೂ ನಂಬುವುದಿಲ್ಲ. ಸಿಇಟಿಗೆ ಗೈಡು, ಬ್ಯಾಂಕ್ ಪರೀಕ್ಷೆಗೆ ಗೈಡು ಅಂತ ಬೆಳೆದವರು ನಾವು. ‘ಅಕ್ಕಾ, ಹಳೇ ಪ್ರಶ್ನೆಪತ್ರಿಕೆ ಇದ್ರೆ ಕಳ್ಸಿ’ ಎಂದು ಮೆಸೇಜ್ ಬರುತ್ತಲೇ ಇರುತ್ತದೆ. ನಾನು ಅರಸೀಕೆರೆ ಕಡೆಯವಳು, ಈಗ ಸ್ಯಾನ್ ಹೋಸೆ ಪಕ್ಕದ ಒಂದು ಊರಿನಲ್ಲಿ ಪ್ಯಾಟ್ರೋಲ್ ಆಫೀಸರ್. ಅದಕ್ಕೂ ಮೊದಲು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. 2023ರ ಜನವರಿ 1ರಿಂದ ಇಲ್ಲಿ ಪೊಲೀಸ್ ಆಗಲು ಪೌರತ್ವ ಇರಲೇಬೇಕು ಎಂಬ ರಾಜ್ಯದ ನಿಯಮ ಹೋಯಿತು. ಕಾನೂನಿನ ಪ್ರಕಾರ ಕೆಲಸ ಮಾಡುವ ಹಕ್ಕಿದ್ದರೆ ಸಾಕು. ಆಮೇಲೆ ಗ್ರೀನ್ ಕಾರ್ಡ್ ಇರುವವರೂ ಕೇಳಲು ಶುರು ಮಾಡಿದ್ದಾರೆ. ಹಾಗಾಗಿ ಫೋನಿನಲ್ಲಿ ಹೇಳುವುದನ್ನೇ ಒಂದು ಸಲ ಬರೆದಿಡುತ್ತಿದ್ದೇನೆ.

ಮೊದಲು ಸೈಕ್ ಯಾವಾಗ ಬರುತ್ತದೆ ಅಂತ ತಿಳಿದಿರಲಿ. ಲಿಖಿತ ಪರೀಕ್ಷೆ, ಓಟ ಮತ್ತು ಗೋಡೆ ಹಾರುವುದು, ಓರಲ್ ಬೋರ್ಡ್ (ಸಮಿತಿಯ ಎದುರು ಸಂದರ್ಶನ), ನಿಮ್ಮ ಹಿನ್ನೆಲೆಯ ತನಿಖೆ, ಇಷ್ಟೆಲ್ಲಾ ಆದ ಮೇಲೆ ಇಲಾಖೆ ಷರತ್ತಿನ ಮೇಲೆ ಒಂದು ಆಫರ್ ಪತ್ರ ಕೊಡುತ್ತದೆ. ಸೈಕ್ ಮತ್ತು ಮೆಡಿಕಲ್ ಪಾಸಾದರೆ ಕೆಲಸ ನಿಮ್ಮದು, ಇದೇ ಆ ಷರತ್ತು. ಆಫರ್ ಕೊಡದೆ ಮನಸ್ಸಿನ ಆರೋಗ್ಯದ ವಿಚಾರ ಕೆದಕಲು ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಬಿಡುವುದಿಲ್ಲ. ಅಂದರೆ ಸೈಕ್‌ಗೆ ಕರೆ ಬಂತು ಅಂದರೆ ಇಲಾಖೆಗೆ ನೀವು ಬೇಕಾಗಿದ್ದೀರಿ. ಅರ್ಧ ಭಯ ಇಲ್ಲೇ ಇಳಿಸಿಕೊಳ್ಳಿ.

ಯಾವ ಪರೀಕ್ಷೆ ಕೊಡಬೇಕು ಎಂಬುದಕ್ಕೆ ನಿಯಮ ಇದೆ. ಪೊಲೀಸ್ ತರಬೇತಿಯ ಮಟ್ಟ ನೋಡಿಕೊಳ್ಳುವ ಒಂದು ರಾಜ್ಯ ಆಯೋಗ ಇದೆ, ಎಲ್ಲರೂ ‘ಪೋಸ್ಟ್’ ಎಂದೇ ಕರೆಯುತ್ತಾರೆ. ಕಡಿಮೆ ಎಂದರೆ ಎರಡು ಲಿಖಿತ ಪರೀಕ್ಷೆ ಇರಬೇಕು ಎನ್ನುತ್ತದೆ ಅದು. ಒಂದು ಸಾಮಾನ್ಯ ಸ್ವಭಾವ ಅಳೆಯುವುದು, ಇನ್ನೊಂದು ಮನಸ್ಸಿಗೆ ಏನಾದರೂ ತೊಂದರೆ ಇದೆಯೇ ಎಂದು ನೋಡುವುದು. ಆಮೇಲೆ ಮನಶ್ಶಾಸ್ತ್ರಜ್ಞರ ಜೊತೆ ಮುಖಾಮುಖಿ ಮಾತು. ನನಗೆ ಬಂದದ್ದು ತೊಂದರೆ ನೋಡುವ ಎಂಎಂಪಿಐ-3 ಮತ್ತು ಸ್ವಭಾವ ಅಳೆಯುವ ಸಿಪಿಐ. ಮೊದಲನೆಯದರಲ್ಲಿ 335 ವಾಕ್ಯ, ಎರಡನೆಯದರಲ್ಲಿ 434. ಪ್ರತಿ ವಾಕ್ಯಕ್ಕೂ ನಿಜ ಅಥವಾ ಸುಳ್ಳು, ಎರಡೇ ಉತ್ತರ. ಕೆಲವು ಕಡೆ ಪಿಎಐ ಎಂಬ ಇನ್ನೊಂದು ಪರೀಕ್ಷೆ ಕೊಡುತ್ತಾರೆ, 344 ವಾಕ್ಯ, ಅದರಲ್ಲಿ ನಾಲ್ಕು ಆಯ್ಕೆ ಇರುತ್ತವೆ. ಅರ್ಧ ದಿನ ಹೋಗುತ್ತದೆ. ತಿಂಡಿ ತಿಂದು ಹೋಗಿ.

ಎಂಎಂಪಿಐ ಹುಟ್ಟಿದ್ದು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, ಪ್ರಕಟವಾದದ್ದು 1943ರಲ್ಲಿ, ಆಸ್ಪತ್ರೆಯ ರೋಗಿಗಳನ್ನು ಅರ್ಥ ಮಾಡಿಕೊಳ್ಳಲು. ಅದಕ್ಕೇ ಕೆಲವು ವಾಕ್ಯ ಓದಿದರೆ ‘ಇದಕ್ಕೂ ಪೊಲೀಸ್ ಕೆಲಸಕ್ಕೂ ಏನ್ ಸಂಬಂಧ?’ ಅನ್ನಿಸುತ್ತದೆ. ಒಂದೊಂದು ವಾಕ್ಯಕ್ಕೂ ಗುಟ್ಟು ಹುಡುಕುತ್ತಾ ಕೂರಬೇಡಿ. ಅವು ಗುಂಪು ಗುಂಪಾಗಿ ಲೆಕ್ಕಕ್ಕೆ ಬರುತ್ತವೆ. (ಪೊಲೀಸ್ ಅಭ್ಯರ್ಥಿಗಳಿಗೆ ಇಂಥ ಪರೀಕ್ಷೆ ಕೊಡುವುದು ಇಲ್ಲಿ ಹಳೇ ಕಥೆ. ನೂರು ವರ್ಷಕ್ಕೂ ಹಿಂದೆಯೇ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ ಇದೇ ಸ್ಯಾನ್ ಹೋಸೆಯಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಕೆಲಸಕ್ಕೆ ಬಂದ 30 ಜನರಿಗೆ ಪರೀಕ್ಷೆ ಕೊಟ್ಟಿದ್ದ. ಅದು ಬುದ್ಧಿಮತ್ತೆಯ ಪರೀಕ್ಷೆ, ಸ್ವಭಾವದ್ದಲ್ಲ.)

ಈಗ ಮುಖ್ಯ ವಿಷಯ. ಈ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಎಡವುವುದು ಕೆಟ್ಟವರಾಗಿ ಕಾಣುವುದರಿಂದ ಅಲ್ಲ, ವಿಪರೀತ ಒಳ್ಳೆಯವರಾಗಿ ಕಾಣುವುದರಿಂದ. ಎಂಎಂಪಿಐ ಒಳಗೆ ನಿಮ್ಮ ಪ್ರಾಮಾಣಿಕತೆಯನ್ನೇ ಅಳೆಯುವ ಮಾಪಕಗಳಿವೆ. ಮಾದರಿಗೆ ನಾನೇ ಕಟ್ಟಿದ ಎರಡು ವಾಕ್ಯ ನೋಡಿ, ನಿಜವಾದ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ. ‘ನನಗೆ ಯಾರ ಮೇಲೂ ಯಾವತ್ತೂ ಸಿಟ್ಟು ಬಂದಿಲ್ಲ.’ ‘ಸುಳ್ಳು ಹೇಳಿದ ನೆನಪೇ ನನಗಿಲ್ಲ.’ ಅಜ್ಜಿ ತೀರಿಕೊಂಡರು ಅಂತ ಎರಡೆರಡು ಸಲ ಕಾಲೇಜಿಗೆ ರಜೆ ಹಾಕಿದವರೂ ಇಂಥದ್ದಕ್ಕೆಲ್ಲ ‘ನಿಜ’ ಎಂದು ಒತ್ತುತ್ತಾರೆ. ಒಂದೆರಡು ಹಾಗಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲಸ ಕೇಳಲು ಬಂದವರು ತಮ್ಮನ್ನು ಸ್ವಲ್ಪ ಚೆನ್ನಾಗಿಯೇ ತೋರಿಸಿಕೊಳ್ಳುತ್ತಾರೆ ಎಂದು ಅವರಿಗೂ ಗೊತ್ತು. ನಿಮ್ಮ ಅಂಕವನ್ನು ಬೇರೆ ಪೊಲೀಸ್ ಅಭ್ಯರ್ಥಿಗಳ ಅಂಕದ ಜೊತೆಗೂ ಇಟ್ಟು ನೋಡುತ್ತಾರೆ. ಆದರೆ ಸಾಲಾಗಿ ದೇವರಂಥ ಉತ್ತರ ಕೊಟ್ಟರೆ ಮಿಕ್ಕ ಉತ್ತರಗಳನ್ನೂ ನಂಬಲಾಗುವುದಿಲ್ಲ.

ಇನ್ನೊಂದು, ಒಂದೇ ವಿಷಯ ಮಾತು ಬದಲಿಸಿಕೊಂಡು ಮತ್ತೆ ಬರುತ್ತದೆ. ಟೆಸ್ಟಿಂಗ್ ಮಾಡಿದವಳಿಗೆ ಇದು ಹೊಸದಲ್ಲ: ಒಂದೇ ಬಟನ್ನನ್ನು ಬೇರೆ ಬೇರೆ ದಾರಿಯಿಂದ ಬಂದು ಒತ್ತಿ ನೋಡುತ್ತಾರೆ. ಹಿಂದೆ ಏನು ಒತ್ತಿದೆ ಎಂದು ನೆನಪಿಟ್ಟುಕೊಳ್ಳಲು ಹೋಗಬೇಡಿ, ಆಗುವುದೂ ಇಲ್ಲ. ಇದ್ದದ್ದನ್ನು ಇದ್ದಹಾಗೆ ಒತ್ತಿದರೆ ಉತ್ತರಗಳು ತಾನಾಗಿ ಹೊಂದಿಕೊಳ್ಳುತ್ತವೆ. ಬೇಜಾರಾಗಿ ಕೊನೆಯ ನೂರು ವಾಕ್ಯಕ್ಕೆ ಸುಮ್ನೆ ‘ಸುಳ್ಳು, ಸುಳ್ಳು’ ಎಂದು ಒತ್ತಿಕೊಂಡು ಹೋದರೆ ಅದೂ ಸಿಕ್ಕಿಬೀಳುತ್ತದೆ.

‘ಪರಿಸ್ಥಿತಿ ನೋಡ್ಕೊಂಡು’ ಎಂಬ ಉತ್ತರ ಅಲ್ಲಿಲ್ಲ. ಹೆಚ್ಚಿನ ಸಲ ಹೇಗೋ ಹಾಗೆ ಒತ್ತಿ. ಬಿಟ್ಟುಬಿಟ್ಟ ವಾಕ್ಯ ಜಾಸ್ತಿಯಾದರೆ ಫಲಿತಾಂಶವೇ ಕೆಲಸಕ್ಕೆ ಬರುವುದಿಲ್ಲ. ಇಂಗ್ಲಿಷ್ ಸುಲಭದ್ದೇ, ಐದನೇ ಕ್ಲಾಸಿನ ಮಟ್ಟ. ಆದರೆ ‘ನಾನು ಹೀಗೆ ಮಾಡುವುದಿಲ್ಲ’ ಎಂಬ ವಾಕ್ಯಗಳಲ್ಲಿ ನಿಧಾನ ಮಾಡಿ. ಅವಸರದಲ್ಲಿ ‘ಇಲ್ಲಪ್ಪ, ಮಾಡಲ್ಲ’ ಎಂದುಕೊಂಡು ‘ಸುಳ್ಳು’ ಒತ್ತಿದರೆ ಅರ್ಥ ಉಲ್ಟಾ ಆಗುತ್ತದೆ.

ತಯಾರಿ ಬೇಡವೇ ಬೇಡವೇ ಎಂದರೆ, ಒಂದು ಬೇಕು. ಹಿನ್ನೆಲೆ ತನಿಖೆಗೆ ನೀವು ತುಂಬಿಕೊಟ್ಟ ಆ ದಪ್ಪ ಫಾರಂ ಇದೆಯಲ್ಲ, ಪಿಎಚ್‌ಎಸ್, ಅದರ ಪ್ರತಿಯನ್ನು ಹಿಂದಿನ ದಿನ ಪೂರ್ತಿ ಓದಿ. ಬಿಟ್ಟ ಕೆಲಸಗಳು, ಟ್ರಾಫಿಕ್ ಟಿಕೆಟ್, ಸಾಲ, ಕುಡಿತ, ಕಾಲೇಜಿನಲ್ಲಿ ಸೇದಿದ್ದು, ಹಿಂದೆ ಅರ್ಜಿ ಹಾಕಿದ ಇಲಾಖೆಗಳು, ಎಲ್ಲ ಅದರಲ್ಲಿವೆ. ತನಿಖೆಯ ವರದಿ ಮನಶ್ಶಾಸ್ತ್ರಜ್ಞರ ಮೇಜಿನ ಮೇಲೆ ಇರುತ್ತದೆ. ಅವರೇ ಕೊಡುವ ಇನ್ನೊಂದು ಫಾರಂನಲ್ಲೂ ಇವೇ ಪ್ರಶ್ನೆ ಬರುತ್ತವೆ. ಅಲ್ಲಿ ‘ವಾರಕ್ಕೆ ಎರಡು ಬಿಯರ್’, ಇಲ್ಲಿ ‘ಹಬ್ಬಕ್ಕೆ ಮಾತ್ರ’ ಎಂದು ಬರೆದರೆ ಮಾತು ಬಿಯರ್ ಬಗ್ಗೆ ಇರುವುದಿಲ್ಲ, ನಿಮ್ಮ ಬಗ್ಗೆ ಇರುತ್ತದೆ. ತಾರೀಕು ತಪ್ಪಿ ಹಾಕಿದ್ದು ಕಣ್ಣಿಗೆ ಬಿದ್ದರೆ ಕೂತ ತಕ್ಷಣ ನೀವೇ ಹೇಳಿ.

ಸಂದರ್ಶನ ಒಂದು ಗಂಟೆಯ ಆಸುಪಾಸು. ಅವರು ನೋಡುವುದಕ್ಕೆ ಪೋಸ್ಟ್ ಹತ್ತು ಗುಣಗಳನ್ನು ಪಟ್ಟಿ ಮಾಡಿದೆ, ಯಾರು ಬೇಕಾದರೂ ಓದಬಹುದು. ಪ್ರಾಮಾಣಿಕತೆ, ಒತ್ತಡ ತಡೆಯುವುದು, ದುಡುಕದೆ ಇರುವುದು, ಜನರ ಜೊತೆ ಹೊಂದುವುದು, ಹೀಗೆ. ನಮ್ಮ ಹುಡುಗಿಯರಿಗೆ ನಾನು ಎತ್ತಿ ಹೇಳುವುದು ಇನ್ನೊಂದನ್ನು: ಗಟ್ಟಿಯಾಗಿ ನಿಂತು ತನ್ನ ಮಾತು ನಡೆಸುವುದು. ‘ಎಲ್ಲರ ಜೊತೆ ಅಡ್ಜಸ್ಟ್ ಮಾಡ್ಕೊಂಡು ಹೋಗ್ತೀನಿ’ ಎಂಬುದು ಮದುವೆ ಮಾತುಕತೆಯಲ್ಲಿ ನಡೆಯಬಹುದು. ಇಲ್ಲಿ ಕೇಳುವುದು, ರಸ್ತೆಯಲ್ಲಿ ಕಿರುಚಾಡುವ ಮನುಷ್ಯನಿಗೆ ‘ನಿಲ್ಲು’ ಎನ್ನುತ್ತೀರಾ ಅಂತ. ನೀವು ಯಾರಿಗಾದರೂ ಎದುರು ಮಾತಾಡಿದ ಒಂದು ನಿಜವಾದ ಪ್ರಸಂಗ ಇಟ್ಟುಕೊಂಡಿರಿ. ನಾನು ಹೇಳಿದ್ದು ಆಫೀಸಿನದು. ರಿಲೀಸ್ ಹಿಂದಿನ ಸಂಜೆ ದೋಷ ಇದ್ದ ಸಾಫ್ಟ್‌ವೇರ್‌ಗೆ ಸಹಿ ಹಾಕಲ್ಲ ಎಂದು ಮ್ಯಾನೇಜರ್‌ಗೆ ಹೇಳಿದ್ದು.

ಭೇದಭಾವದ ಪ್ರಶ್ನೆ ಖಂಡಿತ ಬರುತ್ತದೆ ಎಂದೇ ಎಣಿಸಿ. 2020ರಲ್ಲಿ ಕಾನೂನು ಬದಲಾಯಿಸಿ, ಜನಾಂಗ, ಲಿಂಗ, ಧರ್ಮ, ರಾಷ್ಟ್ರೀಯತೆ, ಅಂಗವೈಕಲ್ಯ, ಲೈಂಗಿಕತೆ ಇವುಗಳ ಬಗ್ಗೆ ಅಭ್ಯರ್ಥಿಗೆ ಪೂರ್ವಗ್ರಹ ಇದೆಯೇ ಎಂಬುದನ್ನೂ ನೋಡಬೇಕು ಎಂದು ಸೇರಿಸಿದರು. ಇದಕ್ಕೆ ನಮ್ಮವರ ರೆಡಿ ಉತ್ತರ, ‘ನಾನು ಯಾರಿಗೂ ಭೇದ ಮಾಡಲ್ಲ.’ ಅದು ಉತ್ತರವೇ ಅಲ್ಲ. ನನ್ನನ್ನು ಮನಶ್ಶಾಸ್ತ್ರಜ್ಞೆ ಕೇಳಿದ್ದು ಹೀಗೆ: ‘ನೀವು ಬೆಳೆದ ಮನೆಯೊಳಗೆ ಯಾರಿಗೆ ಬರಲು ಅವಕಾಶ ಇರಲಿಲ್ಲ?’ ಆಕೆಗೆ ಜಾತಿಯ ಬಗ್ಗೆ ಎಷ್ಟು ಗೊತ್ತಿತ್ತೋ. ನಾನು ಅಜ್ಜಿ ಮನೆಯ ಜಗಲಿ ಹೇಳಿದೆ. ತೋಟದ ಕೆಲಸಕ್ಕೆ ಬರುವವರಿಗೆ ಬೇರೆ ಲೋಟ ಇರುತ್ತಿತ್ತು, ಅಂಚು ತಗ್ಗಾದ ಸ್ಟೀಲ್ ಲೋಟ, ಜಗಲಿಯ ಕಿಟಕಿ ಮೇಲೆ ಮಗುಚಿ ಇಟ್ಟಿರುತ್ತಿದ್ದರು. ಕಾಫಿ ಎತ್ತಿ ಹೊಯ್ಯುತ್ತಿದ್ದುದು ನಾನೇ, ಆಗ ಏಳೆಂಟು ವರ್ಷ. ಯಾಕೆ ಎಂದು ಕೇಳಿದ್ದು ಹೈಸ್ಕೂಲಿಗೆ ಬಂದ ಮೇಲೆ. ಇಷ್ಟು ಹೇಳಿ, ಈಗ ಒಂದು ಮನೆಯ ಬಾಗಿಲು ತಟ್ಟುವಾಗ ನನಗೆ ಏನು ನೆನಪಿರುತ್ತದೆ ಎಂದು ಹೇಳಿದೆ. ಆಕೆ ಬಹಳ ಹೊತ್ತು ಬರೆದುಕೊಂಡರು. ನಿಮ್ಮ ಮನೆಯದ್ದು ಬೇರೆ ಕಥೆ ಇರುತ್ತದೆ, ಅದನ್ನೇ ಹೇಳಿ. ಫ್ಯಾಮಿಲಿ ಗ್ರೂಪಿನಲ್ಲಿ ಬೇರೆ ಧರ್ಮದವರ ಬಗ್ಗೆ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವ ಚಟ ಇದ್ದರೆ, ಈ ಕೆಲಸ ನಿಮಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಹೊಡೆತದ ಪ್ರಶ್ನೆಯೂ ಬರುತ್ತದೆ. ಮೇಷ್ಟ್ರ ಬೆತ್ತ, ಅಮ್ಮನ ಸೌಟು. ನಕ್ಕು ತೇಲಿಸಬೇಡಿ, ಅಳುಕಥೆಯನ್ನೂ ಮಾಡಬೇಡಿ. ಏನಾಯಿತು, ಎಷ್ಟು ಸಲ, ನಿಮ್ಮ ಮಕ್ಕಳ ಮೇಲೆ ನೀವು ಕೈ ಎತ್ತುತ್ತೀರಾ. ಅಷ್ಟನ್ನು ನೇರ ಹೇಳಿದರೆ ಸಾಕು.

ಕೌನ್ಸೆಲಿಂಗ್‌ಗೆ ಹೋಗಿದ್ದರೆ, ಮಾತ್ರೆ ತಗೊಂಡಿದ್ದರೆ ಹೇಳಿ. ಅದರಿಂದಲೇ ಯಾರೂ ನಪಾಸಾಗುವುದಿಲ್ಲ, ಮುಚ್ಚಿಟ್ಟರೆ ಆಗಬಹುದು. ಬೇಕೆನಿಸಿದರೆ ಹಳೆಯ ಚಿಕಿತ್ಸೆಯ ದಾಖಲೆ ಕೇಳುತ್ತಾರೆ, ಡಾಕ್ಟರ ಹೆಸರು, ವರ್ಷ ಮೊದಲೇ ಬರೆದಿಟ್ಟುಕೊಳ್ಳಿ. ಅಪ್ಪನಿಗೆ, ಚಿಕ್ಕಪ್ಪನಿಗೆ ಯಾವ ಕಾಯಿಲೆ ಇತ್ತು ಎಂದು ನೀವಾಗಿ ಹೇಳಬೇಕಿಲ್ಲ. ಮನೆತನದ ಕಾಯಿಲೆ ಕೇಳುವುದಕ್ಕೆ 2008ರ ಕೇಂದ್ರ ಕಾನೂನಿನ ತಡೆ ಇದೆ. ಇನ್ನೊಂದು ನೆನಪಿರಲಿ, ಎದುರು ಕೂತವರು ಎಷ್ಟೇ ನಯವಾಗಿ ಮಾತಾಡಿದರೂ ನಿಮ್ಮ ಡಾಕ್ಟರ್ ಅಲ್ಲ. ಅವರು ಇಲಾಖೆಗೆ ಕೆಲಸ ಮಾಡುತ್ತಿದ್ದಾರೆ, ವರದಿ ಅಲ್ಲಿಗೇ ಹೋಗುತ್ತದೆ. ಅದಕ್ಕೆ ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ, ಓದಿ ಸಹಿ ಹಾಕಿ.

‘ಸೂಕ್ತರಲ್ಲ’ ಎಂದು ಬಂದರೆ ಬೇರೆ ಮನಶ್ಶಾಸ್ತ್ರಜ್ಞರಿಂದ ಎರಡನೇ ಅಭಿಪ್ರಾಯ ತರಬಹುದು. ಖರ್ಚು ಸಾಮಾನ್ಯವಾಗಿ ನಿಮ್ಮದೇ. ಸಾಮಾನ್ಯ ಕ್ಲಿನಿಕ್ಕಿಗೆ ಹೋಗಬೇಡಿ, ಪೊಲೀಸ್ ಅಭ್ಯರ್ಥಿಗಳನ್ನೇ ನೋಡುವವರು ಬೇಕು. ಎರಡೂ ವರದಿ ಬೇರೆಬೇರೆ ಹೇಳಿದರೆ ತೀರ್ಮಾನ ಇಲಾಖೆಗೇ ಬಿಟ್ಟದ್ದು. ಬೇರೆ ಊರಿನ ಇಲಾಖೆಗೆ ಮತ್ತೆ ಅರ್ಜಿ ಹಾಕಬಹುದು, ಆದರೆ ಈ ಅರ್ಜಿಯ ವಿಷಯ ಅಲ್ಲಿನ ಪಿಎಚ್‌ಎಸ್‌ನಲ್ಲಿ ಬರೆಯಲೇಬೇಕು.

ಪಾಸಾದರೂ ಒಂದು ಕೇಳಿಕೊಳ್ಳಿ. ಸೈಕ್ ಆದ ಒಂದು ವರ್ಷದೊಳಗೆ ಕೆಲಸಕ್ಕೆ ಸೇರಬೇಕು. ಪೊಲೀಸ್ ತರಬೇತಿ ಅಕಾಡೆಮಿಯ ಬ್ಯಾಚ್ ಮುಂದಕ್ಕೆ ಹೋಗುತ್ತಾ ಇದ್ದರೆ ನೇಮಕಾತಿಯವರಿಗೆ ಇಮೇಲ್ ಹಾಕಿ ತಾರೀಕು ಬರೆಸಿಕೊಳ್ಳಿ.