ಬಿರುಬಿಸಿಲಲ್ಲಿ ಗಾಲ್ಫ್ ಗ್ರೀನ್ ಉಳಿಸಿಕೊಳ್ಳಲು

ಗಾಲ್ಫ್ ಮೈದಾನ ನೋಡಿಕೊಳ್ಳುವವರಿಗೆ ಒಂದು ಮಾತು. ಬಿಸಿಲು ಏರಿದ ತಕ್ಷಣ ಗುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಜಾಗಕ್ಕೆ, ಅಂದರೆ ಇಡೀ ಗ್ರೀನ್‌ಗೆ ನೀರು ಬಿಡಬೇಡಿ. ಮೊದಲು ಅದರ ಮೇಲೆ ನಾಲ್ಕು ಹೆಜ್ಜೆ ನಡೆದು ಹಿಂದಿರುಗಿ ನೋಡಿ. ಹೆಜ್ಜೆ ಗುರುತು ಹಾಗೇ ಉಳಿದಿದ್ದರೆ, ಹುಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಬಾಯಾರಿದೆ. ಆ ಜಾಗಕ್ಕಷ್ಟೇ ಪೈಪ್ ಹಿಡಿಯಿರಿ.

ಗ್ರೀನ್ ಮೇಲೆ ಬೆಳೆಸುವ ಬರ್ಮುಡಾ ಹುಲ್ಲು ಅಂದರೆ ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯ ಬಳಗವೇ. ಸುಲಭಕ್ಕೆ ಸಾಯುವುದಿಲ್ಲ. ನಾವೇ ಬುಡಕ್ಕೆ ಕತ್ತರಿಸಿ ಸಾಯಿಸುತ್ತೇವೆ. 3 ಮಿಲಿಮೀಟರ್‌ಗೆ ಕತ್ತರಿಸುತ್ತಿದ್ದರೆ ಏಪ್ರಿಲ್‌ನಲ್ಲಿ 4ಕ್ಕೆ ಏರಿಸಿ. ಚೆಂಡು ನಿಧಾನ ಅಂತ ಮೆಂಬರುಗಳು ಗೊಣಗುತ್ತಾರೆ. ಗೊಣಗಲಿ ಬಿಡಿ.

2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ, ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆ ಅಲ್ವಾ? ಅಂಥ ಹೊತ್ತಲ್ಲಿ ಸಂಸ್ಕರಿಸಿದ ಕೊಳಚೆ ನೀರೇ ಗತಿ. ಆದರೆ ಅದರಲ್ಲಿ ಉಪ್ಪಿನಂಶ ಜಾಸ್ತಿ. ದಿನಾ ಸುಮ್ನೆ ಚಿಮುಕಿಸುತ್ತಾ ಹೋದರೆ ಉಪ್ಪು ಬೇರಿನ ಸುತ್ತ ಕೂರುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಆಗಾಗ ಒಮ್ಮೆ ಬೆಳಗಿನ ಜಾವ ಚೆನ್ನಾಗಿ ನೆನೆಸಿ, ಉಪ್ಪು ಬೇರು ದಾಟಿ ಕೆಳಗಿಳಿಯಲಿ. ನೀರು ಒಳಗೆ ಇಳಿಯದೆ ಮೇಲೇ ಹರಿದು ಹೋಗುತ್ತಿದೆಯಾ? ಮೊದಲು ಸಲಾಕೆಯಿಂದ ಸಣ್ಣ ತೂತು ಚುಚ್ಚಿ, ಆಮೇಲೆ ನಿಧಾನಕ್ಕೆ ನೀರು ಕೊಡಿ.

ಮುಂಗಾರಿಗೆ ಮುಂಚಿನ ಮಳೆ ದಬದಬ ಸುರಿದಾಗ ಖುಷಿಯಲ್ಲಿ ಯೂರಿಯಾ ಎರಚಬೇಡಿ. ಬಿಸಿ ನೆಲ, ತೇವ, ಜೊತೆಗೆ ಸಾರಜನಕ ಸೇರಿದರೆ ಶಿಲೀಂಧ್ರಕ್ಕೆ ಹಬ್ಬ. ನೀರು ನಿಂತ ಜಾಗದಲ್ಲಿ ಎರಡು ದಿನ ಹುಲ್ಲು ಕತ್ತರಿಸುವ ಮೆಷಿನ್ ಓಡಿಸುವುದೂ ಬೇಡ.